ಏಳು ನಿಮಿಷಕ್ಕೆ ಒಂಬತ್ತು ವರ್ಷ

ಕ್ರೀಡಾ ಸುರಕ್ಷತೆಯ ಕಾನೂನಿನ ಬಗ್ಗೆ ಬರೆಯುವವರು ವಾಟ್ಸನ್ ತೀರ್ಪಿಗೆ ಕೈಮುಗಿಯದೆ ಮುಂದೆ ಹೋಗುವುದಿಲ್ಲ. ಬಾಕ್ಸರ್ ಮೈಕೇಲ್ ವಾಟ್ಸನ್‌ರ ಮೆದುಳಿಗಾದ ಹಾನಿಗೆ ಬ್ರಿಟಿಷ್ ಬಾಕ್ಸಿಂಗ್ ಮಂಡಳಿಯೇ ಹೊಣೆ ಎಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2000ದ ಡಿಸೆಂಬರ್‌ನಲ್ಲಿ ಹೇಳಿತು. ಬರೆದವರು ಲಾರ್ಡ್ ಫಿಲಿಪ್ಸ್. ಆಟಗಾರನನ್ನು ಕಾಯಲು ಸಿವಿಲ್ ಕಾನೂನೇ ಸಾಕು ಎನ್ನುವವರ ಕೈಯಲ್ಲಿ ಅಂದಿನಿಂದ ಈ ತೀರ್ಪೇ ಆಯುಧ. ತೀರ್ಪು ಚೆನ್ನಾಗಿಯೇ ಇದೆ. ಅತಿಯಾದದ್ದು ಅದರ ಕೀರ್ತಿ.

ಸಂಗತಿ ಹೆಚ್ಚಿನವರಿಗೆ ಗೊತ್ತಿರುವಂಥದೇ. 1991ರ ಸೆಪ್ಟೆಂಬರ್ 21ರಂದು ಲಂಡನ್ನಿನ ವೈಟ್ ಹಾರ್ಟ್ ಲೇನ್ ಮೈದಾನದಲ್ಲಿ ಕ್ರಿಸ್ ಯೂಬ್ಯಾಂಕ್ ಎದುರಿನ ಪಂದ್ಯವನ್ನು ಹನ್ನೆರಡನೇ ಸುತ್ತಿನಲ್ಲಿ ನಿಲ್ಲಿಸಲಾಯಿತು. ವಾಟ್ಸನ್ ಕುಸಿದರು. ವೈದ್ಯರು ಬಂದು ನೋಡುವಷ್ಟರಲ್ಲಿ ಸುಮಾರು ಏಳು ನಿಮಿಷ ಕಳೆದಿತ್ತು. ಮೊದಲು ಒಯ್ದ ಆಸ್ಪತ್ರೆಯಲ್ಲಿ ನರಶಸ್ತ್ರಚಿಕಿತ್ಸೆಯ ವ್ಯವಸ್ಥೆ ಇರಲಿಲ್ಲ.

ತೀರ್ಪಿನ ತಿರುಳು ಒಂದೇ ಪ್ರಶ್ನೆಯಲ್ಲಿದೆ. ವಾಟ್ಸನ್ ದಾವೆ ಹೂಡಿದ್ದು ಗುದ್ದಿದವನ ಮೇಲಲ್ಲ, ನಿಯಮ ಬರೆದವರ ಮೇಲೆ. ಮಂಡಳಿಯ ನಿಯಮದಂತೆ ರಿಂಗಿನ ಬಳಿ ವೈದ್ಯರಿದ್ದರು. ಅಲ್ಲೇ ಉಸಿರಾಟಕ್ಕೆ ನೆರವು ಕೊಟ್ಟು ಮೆದುಳನ್ನು ಉಳಿಸಿಕೊಳ್ಳುವ ಏರ್ಪಾಡು ಇರಬೇಕೆಂದು ನಿಯಮ ಕೇಳಿರಲಿಲ್ಲ. ನಾವು ನಿಯಮ ಮಾಡುವವರಷ್ಟೇ, ಲಾಭಕ್ಕೆ ನಡೆಯುವ ಸಂಸ್ಥೆಯೂ ಅಲ್ಲ ಎಂದು ಮಂಡಳಿ ವಾದಿಸಿತು. ಫಿಲಿಪ್ಸ್ ಒಪ್ಪಲಿಲ್ಲ. ಬಾಕ್ಸರುಗಳ ಸುರಕ್ಷತೆಯೇ ನಮ್ಮ ಉದ್ದೇಶ ಎಂದು ಸಾರಿಕೊಂಡವರು, ಪರವಾನಗಿಯ ಬೀಗವನ್ನು ಕೈಯಲ್ಲಿಟ್ಟುಕೊಂಡವರು, ಬರೆಯದೆ ಬಿಟ್ಟ ನಿಯಮಕ್ಕೂ ಉತ್ತರ ಕೊಡಬೇಕು ಎಂದರು. ಮಾಡಿದ ತಪ್ಪಿಗೆ ಹೊಣೆ ಹೊರಿಸುವುದು ಹಳೆಯ ಕಥೆ. ಮಾಡದೇ ಉಳಿದದ್ದಕ್ಕೆ, ಅದೂ ಕಾಗದದ ಮೇಲೆ ಬರೆಯದೇ ಉಳಿದದ್ದಕ್ಕೆ ಹೊಣೆ ಹೊರಿಸಲು ಧೈರ್ಯ ಬೇಕು. ಈ ಭಾಗವನ್ನು ಎಷ್ಟು ಹೊಗಳಿದರೂ ಸಾಲದು.

ಆದರೆ ಅದೇ ಉಸಿರಿನಲ್ಲಿ ಅವರು ಹಿಂದೆ ಸರಿಯುತ್ತಾರೆ. ಎದುರಾಳಿಗೆ ಪೆಟ್ಟು ಕೊಡುವುದೇ ಗುರಿಯಾದ ಆಟ ಬಾಕ್ಸಿಂಗ್, ಆದ್ದರಿಂದ ಕಾಳಜಿಯೂ ಹೆಚ್ಚಿರಬೇಕು ಎಂಬುದು ಅವರ ತರ್ಕ. ಈ ಸಂಗತಿಗಳು ಬೇರೆ ಕ್ರೀಡೆಗಳಿಗೆ ಸಾಮಾನ್ಯವಲ್ಲ ಎಂದೂ ಸೇರಿಸುತ್ತಾರೆ. ಪೆಟ್ಟು ಕೊಡುವುದೇ ಗುರಿಯಾದರೆ ಕ್ರಿಮಿನಲ್ ಕಾನೂನು ಎಲ್ಲಿ ಹೋಯಿತು? 1882ರ ಕೋನಿ ಪ್ರಕರಣದಲ್ಲಿ ಬರಿಗೈ ಗುದ್ದಾಟ ಅಪರಾಧವೆಂದೂ ಒಪ್ಪಿಗೆ ಅದಕ್ಕೆ ರಕ್ಷಣೆಯಲ್ಲವೆಂದೂ ಇಂಗ್ಲೆಂಡಿನ ನ್ಯಾಯಾಧೀಶರೇ ಹೇಳಿದ್ದರು. 1993ರ ಬ್ರೌನ್ ಪ್ರಕರಣದಲ್ಲಿ ಒಪ್ಪಿಗೆಯ ಗಾಯವೂ ಅಪರಾಧ ಎಂದ ಲಾರ್ಡ್ಸ್ ಸಭೆ, ಬಾಕ್ಸಿಂಗನ್ನು ಹೊರಗಿಟ್ಟಿತು. ಸಿವಿಲ್ ನ್ಯಾಯಾಲಯದ ಹೊಣೆಯೆಲ್ಲ ಹುಟ್ಟಿದ್ದು ಈ ವಿನಾಯಿತಿಯ ನೆರಳಲ್ಲಿ. ತೀರ್ಪು ಅದನ್ನು ಕೆದಕುವುದೇ ಇಲ್ಲ.

ಇನ್ನೊಂದು ವೈಪರೀತ್ಯ. 1971ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದ ನೂಕುನುಗ್ಗಲಿನಲ್ಲಿ 66 ಜನ ಸತ್ತ ಮೇಲೆ, ಪ್ರೇಕ್ಷಕರ ರಕ್ಷಣೆಗೆ 1975ರ ಕ್ರೀಡಾಂಗಣ ಸುರಕ್ಷತಾ ಕಾಯ್ದೆ ಬಂತು. ದೊಡ್ಡ ಮೈದಾನಗಳಿಗೆ ಸ್ಥಳೀಯ ಆಡಳಿತದ ಪ್ರಮಾಣಪತ್ರ ಬೇಕಾಯಿತು. ಹೀಗೆ, ಗ್ಯಾಲರಿಯಲ್ಲಿ ಕೂತವನಿಗೆ ಸಂಸತ್ತಿನ ಕಾಯ್ದೆ. ನಡುವೆ ಏಟು ತಿನ್ನುವವನಿಗೆ ಖಾಸಗಿ ಮಂಡಳಿಯ ನಿಯಮಪುಸ್ತಕ.

ಇಲ್ಲಿ ಎರಡು ಪಂಗಡಗಳ ಜೊತೆ ನನ್ನ ಜಗಳ. ಇಂಥ ತೀರ್ಪುಗಳಿಂದ ಸಣ್ಣ ಕ್ಲಬ್‌ಗಳು ಬಾಗಿಲು ಹಾಕುತ್ತವೆ, ಸ್ವಯಂಸೇವಕರು ಓಡಿಹೋಗುತ್ತಾರೆ ಎಂದು ಗೋಳಿಡುವವರು ಮೊದಲನೆಯವರು. ಬೇರೆ ಕ್ರೀಡೆಗಳಿಗೆ ಹಬ್ಬದಂತೆ ಫಿಲಿಪ್ಸ್ ಹಾಕಿದ ಬೇಲಿಯನ್ನು ಓದಿದ್ದರೆ ಅವರು ಸುಮ್ಮನಿರುತ್ತಿದ್ದರು. ಎರಡನೆಯವರು, ಈ ತೀರ್ಪೇ ಬಾಕ್ಸಿಂಗನ್ನು ಬದಲಿಸಿತು ಎನ್ನುವವರು. ಅವರ ತಪ್ಪು ಇನ್ನೂ ದೊಡ್ಡದು. ವಾಟ್ಸನ್‌ಗೆ ಶಸ್ತ್ರಚಿಕಿತ್ಸೆ ಮಾಡಿದ ಪೀಟರ್ ಹ್ಯಾಮ್ಲಿನ್ ಆ ಪಂದ್ಯದ ಬೆನ್ನಿಗೇ ಮಂಡಳಿಯನ್ನೂ ಕ್ರೀಡಾ ಸಚಿವರನ್ನೂ ಕಂಡರು. ಉಸಿರಾಟ ನಿಭಾಯಿಸಬಲ್ಲ ತಂಡ ರಿಂಗಿನ ಬಳಿ ಇರಬೇಕು, ನರಶಸ್ತ್ರಚಿಕಿತ್ಸಾ ವಿಭಾಗಕ್ಕೆ ಮೊದಲೇ ಸುದ್ದಿ ಹೋಗಿರಬೇಕು ಎಂದರು. ಮಂಡಳಿ ಒಪ್ಪಿ ಜಾರಿಗೆ ತಂದದ್ದು ತೀರ್ಪಿಗೆ ಎಷ್ಟೋ ವರ್ಷ ಮೊದಲು. ಬದಲಾಯಿಸಿದವನು ವೈದ್ಯ, ಕೀರ್ತಿ ಹೋದದ್ದು ನ್ಯಾಯಾಧೀಶರಿಗೆ.

ಪರಿಹಾರವಾದರೂ ಪೂರ್ತಿ ಸಿಕ್ಕಿತೇ? ಮಂಡಳಿಗೆ ವಿಮೆ ಇರಲಿಲ್ಲ, ತನ್ನ ಕಚೇರಿ ಕಟ್ಟಡವನ್ನೇ ಮಾರಬೇಕಾಯಿತು. ವಾಟ್ಸನ್ ಕೊನೆಗೆ 4 ಲಕ್ಷ ಪೌಂಡಿಗೆ ರಾಜಿಯಾದರು. ಲೇಖನಗಳು ಈ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳುತ್ತವೆ.

ನಮ್ಮಲ್ಲಿ ಹ್ಯಾಮ್ಲಿನ್ ಕೇಳಿದಂಥ ಏರ್ಪಾಡಿನ ಅಗತ್ಯ ಎಷ್ಟೆಂದು 2022ರ ಜುಲೈ ತೋರಿಸಿತು. ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಪೆಟ್ಟು ತಿಂದ ಮೈಸೂರಿನ ಯುವಕನೊಬ್ಬ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆಯೇ ಇರಲಿಲ್ಲ ಎಂದು ಮನೆಯವರು ದೂರಿದರು. ಪೊಲೀಸರು ಹಿಡಿದದ್ದು ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 304ಎ ಕಲಮನ್ನು: ನಿರ್ಲಕ್ಷ್ಯದ ಸಾವು, ಹೆಚ್ಚೆಂದರೆ ಎರಡು ವರ್ಷ ಸಜೆ. ಅದು ಸಾವಿನ ನಂತರ ಎಚ್ಚರವಾಗುವ ಕಾನೂನು. ವಾಟ್ಸನ್ ತೀರ್ಪನ್ನು ಕಾನೂನು ತರಗತಿಗಳಲ್ಲಿ ಓದಿಸಲಿ, ಬೇಡವೆನ್ನುವುದಿಲ್ಲ. ಇಂಥ ಪಂದ್ಯಕ್ಕೆ ಅನುಮತಿ ಕೊಡುವ ಅಧಿಕಾರಿ ಮಾತ್ರ ಹ್ಯಾಮ್ಲಿನ್ ಕೇಳಿದ್ದಷ್ಟನ್ನು ಅರ್ಜಿಯ ಷರತ್ತಾಗಿ ಬರೆದು, ಅದು ಪೂರೈಸುವವರೆಗೆ ಸಹಿ ಹಾಕದಿರಲಿ.