ಸಂಪಿಗೆಯ ಬುಡಕ್ಕೆ ನ್ಯಾಯ

ನಮ್ಮ ಊರುಗಳಲ್ಲಿ ಸಂಪಿಗೆ ಬೆಳೆಸುವ ರೀತಿ ನೋಡಿದರೆ, ಹೂವಿನ ಮೇಲಿನ ಪ್ರೀತಿ ಬುಡದವರೆಗೆ ಇಳಿದೇ ಇಲ್ಲ ಅನ್ನಿಸುತ್ತದೆ. ಸಂಪಿಗೆ ಮೂಲತಃ ಕಾಡಿನ ಮರ. ಘಟ್ಟದ ತೇವದ ಕಾಡಿನಲ್ಲಿ 100 ಅಡಿ ಎತ್ತರಕ್ಕೂ ಏರಬಲ್ಲದು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡಸಂಪಿಗೆಯನ್ನು ಕಂಡವರಿಗೆ ಈ ಜಾತಿಯ ಗಾತ್ರವನ್ನು ಬೇರೆ ಹೇಳಬೇಕಿಲ್ಲ. ಅಂಥದ್ದನ್ನು 30×40 ಸೈಟಿನ ಕಾಂಪೌಂಡಿಗೆ ಒತ್ತಿ ನೆಟ್ಟು, ಬೆಳೆದದ್ದೇ ತಪ್ಪೆಂಬಂತೆ ಆಮೇಲೆ ಕೊಡಲಿ ಹಿಡಿಯುತ್ತೇವೆ.

ಹಾಗಾಗಿ ಕಸಿ ಗಿಡದ ಬಗ್ಗೆ ಕೆಲವರಿಗಿರುವ ತಾತ್ಸಾರವನ್ನು ನಾನು ಒಪ್ಪುವುದಿಲ್ಲ. ಬೀಜದ ಗಿಡ ಹೂವಿಗಾಗಿ ಎಂಟು ಹತ್ತು ವರ್ಷ ಕಾಯಿಸುತ್ತದೆ. ಕಸಿಯದು ಎರಡು ಮೂರು ವರ್ಷಕ್ಕೇ ಮೊಗ್ಗು ತೋರಿಸುತ್ತದೆ, ಗಿಡ್ಡವಾಗಿಯೂ ಉಳಿಯುತ್ತದೆ. ಸಣ್ಣ ಅಂಗಳಕ್ಕೆ ಅದೇ ಸರಿ. ಕಸಿಗಂಟನ್ನು ಮಣ್ಣಿನಲ್ಲಿ ಹೂಳದೆ, ಅದರ ಕೆಳಗಿನಿಂದ ಬರುವ ಚಿಗುರನ್ನು ಆಗಾಗ ಚಿವುಟುತ್ತಿರಬೇಕು, ಅಷ್ಟೆ. ಇದನ್ನು ಬಿಟ್ಟವರ ಮನೆಯಲ್ಲಿ ಕಸಿ ಸೊರಗಿ, ಬೇರಿನ ಗಿಡವೇ ಮೇಲೇಳುತ್ತದೆ. ದೂರು ಮಾತ್ರ ನರ್ಸರಿಯವರ ಮೇಲೆ.

ನನ್ನ ದೊಡ್ಡ ತಕರಾರು ಬುಡದ್ದು. ಸಂಪಿಗೆ, ಹಿಮಚಂಪಕ ಎರಡೂ ಮ್ಯಾಗ್ನೋಲಿಯ ಕುಲದವು. ಈ ಕುಲದ ಮರಗಳ ಬೇರು ದಪ್ಪ, ಮೆದು. ಬಹುಪಾಲು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಗುದ್ದಲಿಯ ಏಟು ಬಿದ್ದರೆ ಬೇಗ ಚೇತರಿಸಿಕೊಳ್ಳುವುದಿಲ್ಲ. ಒಮ್ಮೆ ಬೇರೂರಿದ ಗಿಡವನ್ನು ಕಿತ್ತು ಬೇರೆಡೆ ನೆಟ್ಟರೆ ಉಳಿಯುವುದು ಕಷ್ಟ. ಇದನ್ನರಿಯದೆ ವರ್ಷವರ್ಷವೂ ಬುಡ ಅಗೆಸುವವರಿದ್ದಾರೆ. ಕಾಂಡದವರೆಗೂ ಟೈಲ್ಸ್ ಹಾಕಿಸಿ, ಉಳಿದ ಗೇಣಗಲದ ಪಾತಿಗೆ ದಿನವೂ ಕೊಡ ನೀರು ಸುರಿಯುವವರೂ ಇದ್ದಾರೆ. ನೀರು ನಿಂತರೆ ಬೇರು ಕೊಳೆಯುತ್ತದೆ, ಎಲೆ ಹಳದಿಯಾಗುತ್ತದೆ. ಬಾಯಾರಿದೆಯೆಂದು ಮತ್ತೊಂದು ಕೊಡ ಬೀಳುತ್ತದೆ. ಮರಕ್ಕೆ ಬೇಕಾದದ್ದು ಅದರ ಕೆಳಗೇ ಬಿದ್ದಿರುತ್ತದೆ. ಉದುರಿದ ಎಲೆಯನ್ನು ಬೆಳಿಗ್ಗೆ ಗುಡಿಸಿ ಸುಡುವ ಬದಲು, ಕಾಂಡದಿಂದ ಗೇಣು ಬಿಟ್ಟು ಸುತ್ತ ಹರಡಿದರೆ ಮಣ್ಣು ತಂಪಾಗಿರುತ್ತದೆ, ಅದೇ ಗೊಬ್ಬರವೂ ಆಗುತ್ತದೆ. ಕಾಡಿನಲ್ಲಿ ಸಂಪಿಗೆ ಉಣ್ಣುವುದು ಇದನ್ನೇ.

ತಲೆ ಕಡಿಸುವ ಪದ್ಧತಿಯಂತೂ ಅನ್ಯಾಯ. ದಪ್ಪ ಕೊಂಬೆಯ ಗಾಯ ಮುಚ್ಚಲು ವರ್ಷಗಳು ಬೇಕು, ಅಷ್ಟರಲ್ಲಿ ಕೊಳೆ ಒಳಗಿಳಿಯುತ್ತದೆ. ಕಡಿದಲ್ಲಿ ಒತ್ತೊತ್ತಾಗಿ ಏಳುವ ರೆಂಬೆಗಳಿಗೆ ಹಿಡಿತ ಕಡಿಮೆ. ಮಳೆಗಾಳಿಗೆ ಮೊದಲು ಮುರಿಯುವುದು ಅವೇ. ಹೂ ಕೀಳುವಾಗ ದೋಟಿಯಿಂದ ರೆಂಬೆಯನ್ನೇ ಎಳೆದು ಮುರಿಯುವುದೂ ತಪ್ಪು. ಸಂಪಿಗೆ ಮೊಗ್ಗು ಮೂಡುವುದು ಎಳೆ ರೆಂಬೆಯ ಎಲೆಸಂದಿಯಲ್ಲಿ.

ಹುಳ ಕಂಡೊಡನೆ ಔಷಧಿ ಹೊಡೆಯುವವರಿಗೂ ಒಂದು ಮಾತು. ಸಂಪಿಗೆಗೆ ದುಂಬಿ ಎರಗದೆಂಬುದು ಹಳೆಯ ಕವಿಸಮಯ. ಮ್ಯಾಗ್ನೋಲಿಯ ಬಳಗದ ಪರಾಗಸ್ಪರ್ಶ ನಡೆಯುವುದು ಹೆಚ್ಚಾಗಿ ಜೀರುಂಡೆಗಳಿಂದ. ಅವನ್ನು ಕೊಂದರೆ ಕಾಯಿ ಕಟ್ಟುವುದಿಲ್ಲ. ಕೆಂಪು ಬೀಜಕ್ಕೆ ಬರುವ ಹಕ್ಕಿಗಳಿಗೂ ಏನೂ ಸಿಗುವುದಿಲ್ಲ.

ಮುಂಗಾರಿಗೆ ಸಂಪಿಗೆ ನೆಡುವವರಲ್ಲಿ ನನ್ನ ಕೋರಿಕೆ ಇಷ್ಟೆ: ಜಾಗ ಚಿಕ್ಕದಿದ್ದರೆ ಕಸಿ ಗಿಡ ತನ್ನಿ, ಗೋಡೆಯಿಂದ ದೂರ ನೆಡಿ. ಸುತ್ತ ಮೂರಡಿಯಷ್ಟಾದರೂ ಬರಿಮಣ್ಣು ಬಿಡಲಾಗದಿದ್ದರೆ, ದಯವಿಟ್ಟು ಮಲ್ಲಿಗೆ ಬೆಳೆಸಿ.