ಹಿಡುವಳಿ ಕಾಡಿನ ಇಂಗಾಲದ ಲೆಕ್ಕ

ಮೈಸೂರಿಗೆ ನೀರುಣಿಸುವ ಕಾವೇರಿ ಹುಟ್ಟುವ ಕೊಡಗಿನಲ್ಲಿ ಸರ್ಕಾರಿ ಅರಣ್ಯದ ಗಡಿಯಾಚೆಗೂ, ಬೆಳೆಗಾರರ ಕಾಫಿ ತೋಟಗಳಲ್ಲಿ ಮತ್ತು ಬಾಣೆಗಳಲ್ಲಿ, ಅಂದರೆ ಗದ್ದೆಯ ಜೊತೆಗೆ ಸೊಪ್ಪು, ಸೌದೆ, ಮೇವಿಗೆಂದು ಕೊಟ್ಟ ಜಮೀನುಗಳಲ್ಲಿ, ಹೆಮ್ಮರಗಳು ದಟ್ಟವಾಗಿ ನಿಂತಿವೆ. ವಾತಾವರಣದ ಇಂಗಾಲವನ್ನು ಹಿಡಿದಿಡುವ ಮಾತು ಬಂದಾಗ ಎಷ್ಟು ಸಸಿ ನೆಡಲಾಯಿತು ಎಂಬುದಕ್ಕಿಂತ ಈ ಹಳೆಯ ಮರಗಳಲ್ಲಿ ಎಷ್ಟು ಉಳಿದವು ಎಂಬುದೇ ಮುಖ್ಯವಾಗಬೇಕು.

ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವಿರುತ್ತದೆ. ಹಾಗೆ ಸಂಗ್ರಹವಾದ ಪ್ರತಿ ಕಿಲೋ ಇಂಗಾಲವೂ ಗಾಳಿಯಿಂದ ಹೀರಿದ 3.67 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಇದನ್ನು ಅಂದಾಜಿಸಲು ಎದೆಮಟ್ಟದ ಸುತ್ತಳತೆಯನ್ನು, ಅಂದರೆ ನೆಲದಿಂದ ಸುಮಾರು 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಸಿಗುವ ಅಳತೆಯನ್ನು, ಆಯಾ ಜಾತಿಯ ಮರದ ಸಾಂದ್ರತೆಯೊಂದಿಗೆ ಲೆಕ್ಕಕ್ಕೆ ಹಿಡಿಯುತ್ತಾರೆ. ಸುತ್ತಳತೆ 40 ಸೆಂ.ಮೀ.ನಿಂದ 42ಕ್ಕೆ ಏರಿದ ಎಳೆಮರದ ಕಾಂಡದ ಅಡ್ಡಕೊಯ್ತ ಸುಮಾರು 13 ಚದರ ಸೆಂ.ಮೀ. ಹಿಗ್ಗಿದರೆ, 160ರಿಂದ 162ಕ್ಕೆ ಏರಿದ ಮರದಲ್ಲಿ ಅದೇ ಹಿಗ್ಗು ಸುಮಾರು 51 ಚದರ ಸೆಂ.ಮೀ. ಆಗುತ್ತದೆ. ಹಳೆಯ ನಂದಿ, ಹೊನ್ನೆ, ಬೀಟೆಗಳನ್ನು ಕಡಿದು ಎಳೆಯ ಸಿಲ್ವರ್ ಓಕ್ ನೆಟ್ಟಾಗ ಆಗುವ ನಷ್ಟ ಇದರಿಂದಲೇ ತಿಳಿಯುತ್ತದೆ.

ಆದರೂ ಬೆಳೆಗಾರರು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕನ್ನು ಆರಿಸಿಕೊಳ್ಳುವುದಕ್ಕೆ ಕಾರಣವಿದೆ: ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿದು ಮಾರುವುದೂ ಸುಲಭ. ಇದಕ್ಕೆ ಪ್ರತಿಯಾಗಿ, ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿರದ 'ಅನ್‌ರಿಡೀಮ್ಡ್' ಜಮೀನಿನಲ್ಲಿ ನಾಡಮರದ ಹಕ್ಕು ಸರ್ಕಾರದ್ದಾಗಿ ಉಳಿಯುವುದರಿಂದ, ಅದನ್ನು ಸಾಕುವವನಿಗೆ ನೆರಳಿನ ಹೊರತು ಬೇರೆ ಪ್ರತಿಫಲವಿಲ್ಲ.

2011-12ರಲ್ಲಿ ಆರಂಭವಾದ ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಬದುಕುಳಿದ ಸಸಿಗೆ ಮೂರು ವರ್ಷ ಹಣ ಕೊಡುತ್ತದೆ. ನೆಡುವವರಿಗೆ ಅದು ನಿಜವಾದ ನೆರವು. ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯಂಥ ವ್ಯವಸ್ಥೆಗಳು ಬೆಳೆದಂತೆ, ಈಗಾಗಲೇ ನಿಂತಿರುವ ಮರವನ್ನು ಉಳಿಸಿಕೊಂಡವರಿಗೂ ಅಂಥದೇ ಪ್ರತಿಫಲ ದೊರೆಯಬೇಕು.

ಹುಣಸೂರು, ಹೆಗ್ಗಡದೇವನಕೋಟೆಗಳಲ್ಲಿ ಜಮೀನು ಹೊಂದಿರುವ ಮೈಸೂರಿಗರಿಗೂ ಇದೇ ಕ್ರಮ ಸಲ್ಲುತ್ತದೆ: ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ಕಾಯುವುದು, ತಾನಾಗಿ ಹುಟ್ಟಿದ ನಾಡಸಸಿಗಳನ್ನು ಕಳೆಯೊಂದಿಗೆ ಸವರದಿರುವುದು, ಮರಕಸಿಯಲ್ಲಿ, ಅಂದರೆ ನೆರಳು ಹದಗೊಳಿಸಲು ಕೊಂಬೆ ಕತ್ತರಿಸುವಾಗ, ನೆತ್ತಿಯನ್ನು ಉಳಿಸುವುದು, ಕಡಿಯಲೇಬೇಕಾದ ಮರವನ್ನು ಒಲೆಗಿಂತ ತೊಲೆಗೆ ಬಳಸುವುದು. ಮರದ ಮೇಲಿನ ಹಕ್ಕು ಅದನ್ನು ಸಾಕುವವನಿಗೆ ಸ್ಪಷ್ಟವಾಗಿ ದೊರೆತರೆ ಈ ಶ್ರಮ ತಲೆಮಾರುಗಳವರೆಗೆ ಮುಂದುವರಿಯುತ್ತದೆ. ಇಂಗಾಲದ ಸಂಗ್ರಹಕ್ಕೆ ಬೇಕಾದ ಕಾಲಾವಧಿಯೂ ಅಷ್ಟೇ ದೀರ್ಘವಾದದ್ದು.