ಶುಕ್ರವಾರವೇ ‘ಕಡೆಯ ದಿನ’ವೆ?

ಮಂಜೇಶ್ವರದ ಗೋವಿಂದ ಪೈಗಳು (1883–1963) ತಮ್ಮ ‘ಗೊಲ್ಗೊಥಾ’ ಖಂಡಕಾವ್ಯಕ್ಕೆ ‘ಯೇಸುವಿನ ಕಡೆಯ ದಿನ’ ಎಂಬ ಇನ್ನೊಂದು ಹೆಸರನ್ನೂ ಇಟ್ಟರು. ಕಾವ್ಯದ ಛಂದಸ್ಸನ್ನು, ಕವಿಯ ಬಹುಭಾಷಾ ಪಾಂಡಿತ್ಯವನ್ನು, ಅದರಲ್ಲಿ ಕಾಣುವ ಸರ್ವಧರ್ಮಸಮನ್ವಯವನ್ನು ಕೊಂಡಾಡುವುದು ವಾಡಿಕೆ. ಈ ಎರಡನೆಯ ಹೆಸರಿನ ಮುಂದೆ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಿಂತರೆ ಒಂದು ತೊಡಕು ಎದುರಾಗುತ್ತದೆ. ನಂಬುವ ಕ್ರೈಸ್ತನಿಗೆ ಶಿಲುಬೆಯ ಶುಕ್ರವಾರ ಯೇಸುವಿನ ಕಡೆಯ ದಿನವಲ್ಲ. ಮೂರನೆಯ ದಿನವೊಂದಿದೆ, ಅದಿಲ್ಲದೆ ಶುಕ್ರವಾರಕ್ಕೆ ಅರ್ಥವೇ ಇಲ್ಲ. ಇಷ್ಟೇ ಅಲ್ಲ, ‘ಕಡೆಯ ದಿನ’ ಎಂಬ ಮಾತಿಗೆ ಕ್ರೈಸ್ತ ಪರಿಭಾಷೆಯಲ್ಲಿ ಬೇರೆಯೇ ಅರ್ಥವಿದೆ. ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಮಾರ್ಥಳು ತನ್ನ ಸತ್ತ ತಮ್ಮ ಲಾಜರನು ಕಡೆಯ ದಿನದಲ್ಲಿ ಎದ್ದುಬರುವನೆಂಬ ನಂಬಿಕೆಯನ್ನು ಹೇಳಿಕೊಳ್ಳುತ್ತಾಳೆ. ಅಲ್ಲಿ ಕಡೆಯ ದಿನವೆಂದರೆ ಸತ್ತವರು ಏಳುವ ದಿನ. ಪೈಗಳ ಶೀರ್ಷಿಕೆಯಲ್ಲಿ ಅದು ಒಬ್ಬನು ಸಾಯುವ ದಿನ.

ಇದನ್ನು ಅರಿಯದ ಆಯ್ಕೆ ಎನ್ನಲಾಗದು. ಅಷ್ಟು ಭಾಷೆಗಳಲ್ಲಿ ಓದಿದ್ದ ಕವಿಗೆ ಭಾನುವಾರದ ಕಥೆ ತಿಳಿಯದಿರಲು ಸಾಧ್ಯವಿಲ್ಲ. ಶುಕ್ರವಾರದಲ್ಲಿಯೇ ನಿಲ್ಲುವ ಕ್ರಮಕ್ಕೆ ಅವರಿಗಿಂತ ಮುಂಚಿನ ಒಂದು ಪರಂಪರೆಯೂ ಇತ್ತು. ಅಮೆರಿಕದ ಥಾಮಸ್ ಜೆಫರ್ಸನ್ 1820ರ ಹೊತ್ತಿಗೆ ನಾಲ್ಕು ಭಾಷೆಗಳ ಹೊಸ ಒಡಂಬಡಿಕೆಯ ಪುಟಗಳನ್ನು ಕತ್ತರಿಸಿ, ಪವಾಡಗಳನ್ನು ಕೈಬಿಟ್ಟು, ತನ್ನದೇ ಒಂದು ಸುವಾರ್ತೆಯನ್ನು ಅಂಟಿಸಿಕೊಂಡನು. ಸಮಾಧಿಯ ಬಾಗಿಲಿಗೆ ಕಲ್ಲು ಉರುಳಿಸಿ ಜನ ಹೊರಟುಹೋಗುವಲ್ಲಿಗೆ ಅದು ಮುಗಿಯುತ್ತದೆ. ಅದೇ 1820ರಲ್ಲಿ ಕಲ್ಕತ್ತೆಯಲ್ಲಿ ರಾಮಮೋಹನ ರಾಯರು ಯೇಸುವಿನ ಬೋಧನೆಗಳನ್ನು ಪವಾಡಗಳಿಂದ ಬೇರ್ಪಡಿಸಿ ಪ್ರಕಟಿಸಿದರು. ಶ್ರೀರಾಮಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಅದನ್ನು ಉಗ್ರವಾಗಿ ವಿರೋಧಿಸಿದನು. 1863ರಲ್ಲಿ ಫ್ರಾನ್ಸಿನ ಅರ್ನೆಸ್ಟ್ ರೆನಾನ್, ಇತಿಹಾಸಕಾರನ ಮಟ್ಟಿಗೆ ಯೇಸುವಿನ ಬದುಕು ಕೊನೆಯುಸಿರಿನೊಂದಿಗೆ ಮುಗಿಯಿತೆಂದು ಬರೆದು, ಪುನರುತ್ಥಾನವನ್ನು ಮಗ್ದಲದ ಮರಿಯಳ ಪ್ರೀತಿಗೂ ಕಲ್ಪನೆಗೂ ಒಪ್ಪಿಸಿದನು.

ಈ ಮೂವರೂ ಯೇಸುವಿನ ದ್ವೇಷಿಗಳಲ್ಲ. ಅವನ ಮಾತುಗಳನ್ನು ಉಳಿಸಿಕೊಳ್ಳುವ ಆಸೆಯಿಂದಲೇ ಅವನ ಸಮಾಧಿಯನ್ನು ಮುಚ್ಚಿದವರು. ಆದರೆ ಇಂಥ ಉಪಕಾರವನ್ನು ಪೌಲನು ಮೊದಲ ಶತಮಾನದ ನಡುವಿನಲ್ಲಿಯೇ ನಿರಾಕರಿಸಿದ್ದನು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಅವನ ನಿಲುವಿಗೆ ಎರಡು ಅರ್ಥವಿಲ್ಲ: ಕ್ರಿಸ್ತನು ಏಳಲಿಲ್ಲವಾದರೆ ಬೋಧನೆಯೂ ನಂಬಿಕೆಯೂ ಪೊಳ್ಳು. ಒಳ್ಳೆಯ ಗುರು, ಆದರೆ ಸತ್ತ ಗುರು ಎಂಬ ಮಧ್ಯಮ ಮಾರ್ಗವನ್ನು ಪೌಲ ಬಿಟ್ಟುಕೊಡುವುದಿಲ್ಲ. ಸಂದೇಹವಾದಿ ಮತ್ತು ಪೌಲ ಈ ಒಂದು ವಿಷಯದಲ್ಲಿ ಒಬ್ಬರನ್ನೊಬ್ಬರು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರು. ಇಬ್ಬರನ್ನೂ ಅರ್ಥಮಾಡಿಕೊಳ್ಳದಿರುವುದು ಸಮನ್ವಯದ ವಿಮರ್ಶೆ.

ಹಾಗೆಂದು ಶುಕ್ರವಾರಕ್ಕೆ ನಿಂತ ಕಾವ್ಯವನ್ನು ಸಂದೇಹದ ಕಾವ್ಯವೆಂದು ತೀರ್ಮಾನಿಸುವುದೂ ಆತುರವೇ. ಮಾರ್ಕನ ಸುವಾರ್ತೆಯ ಕೊನೆಯನ್ನು ನೋಡಬೇಕು. ಸುಗಂಧದ್ರವ್ಯ ಹಿಡಿದು ಬಂದ ಮೂವರು ಹೆಂಗಸರು ಬಿಳಿಯುಡುಗೆಯ ಯುವಕನಿಂದ ಅವನು ಎದ್ದಿದ್ದಾನೆಂಬ ಸುದ್ದಿ ಕೇಳಿ, ನಡುಗುತ್ತ ಓಡಿಹೋಗಿ, ಭಯದಿಂದ ಯಾರಿಗೂ ಏನೂ ಹೇಳದೆ ಉಳಿಯುತ್ತಾರೆ. ನಾಲ್ಕನೆಯ ಶತಮಾನದ ಎರಡು ಮಹತ್ವದ ಹಸ್ತಪ್ರತಿಗಳಾದ ಸಿನಾಯಿಟಿಕಸ್ ಮತ್ತು ವ್ಯಾಟಿಕನಸ್‌ಗಳಲ್ಲಿ ಮಾರ್ಕನ ಕಥೆ 16ನೆಯ ಅಧ್ಯಾಯದ 8ನೆಯ ವಚನಕ್ಕೇ, ಆ ಮೌನಕ್ಕೇ ಮುಗಿಯುತ್ತದೆ. ಎದ್ದ ಯೇಸು ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದಿನ ವಚನಗಳು ಆಮೇಲೆ ಸೇರಿದವೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಹಾಗಾದರೆ ಕಾಣಿಸದೆ ಬಿಡುವುದು ನಂಬದಿರುವುದರ ಗುರುತೇ ಆಗಬೇಕಿಲ್ಲ. ಮಾರ್ಕನು ಸುದ್ದಿಯನ್ನು ಕೊಟ್ಟು ದೃಶ್ಯವನ್ನು ತಡೆಹಿಡಿದನು; ಜೆಫರ್ಸನ್ ಸುದ್ದಿಯನ್ನೂ ಕತ್ತರಿಸಿದನು. ಎರಡರ ನಡುವಿನ ಅಂತರ ಒಂದೇ ವಾಕ್ಯದ್ದಾದರೂ ಕಂದಕದಷ್ಟು ಆಳ.

ಪೈಗಳ ಶೀರ್ಷಿಕೆ ಕಂದಕದ ಯಾವ ದಡದಲ್ಲಿದೆ? ಉತ್ತರಕ್ಕೆ ‘ವೈಶಾಖಿ’ ನೆರವಾಗುತ್ತದೆ. ಅದು ಬುದ್ಧನ ಕಡೆಯ ದಿನದ ಕಾವ್ಯ. ಬುದ್ಧನಿಗೆ ಈ ಮಾತು ಅಕ್ಷರಶಃ ಸಲ್ಲುತ್ತದೆ: ಪರಿನಿರ್ವಾಣವೆಂದರೆ ಮತ್ತೆ ಬಾರದಿರುವುದು, ಬಾರದಿರುವುದೇ ಅಲ್ಲಿ ಗೆಲುವು. ಮಗುವಿನ ಹೆಣ ಹೊತ್ತು ಬಂದ ಕಿಸಾಗೋತಮಿಯನ್ನು ಬುದ್ಧನು ಸಾವಿಲ್ಲದ ಮನೆಯ ಸಾಸಿವೆ ತರಲು ಕಳಿಸುತ್ತಾನೆ; ಮಗು ಏಳುವುದಿಲ್ಲ, ತಾಯಿ ಏಳುತ್ತಾಳೆ. ಅತ್ತ ಲಾಜರನ ಸಮಾಧಿಯ ಮುಂದೆ ಯೇಸು ಅಳುತ್ತಾನೆ, ಆಮೇಲೆ ಅವನನ್ನು ಹೊರಗೆ ಕರೆಯುತ್ತಾನೆ. ಒಂದು ಕಡೆ ಸಾವನ್ನು ಒಪ್ಪುವುದೇ ಬಿಡುಗಡೆ. ಇನ್ನೊಂದು ಕಡೆ ಸಾವು ಸೋಲಬೇಕಾದ ಶತ್ರು. ಈ ಎರಡು ಮರಣಗಳಿಗೆ ಒಂದೇ ಚೌಕಟ್ಟು ಹಾಕಿದಾಗ ಚೌಕಟ್ಟು ಬುದ್ಧನಿಗೆ ಒಪ್ಪುತ್ತದೆ, ಯೇಸುವಿಗೆ ಬಿಗಿಯಾಗುತ್ತದೆ. ಪೈಗಳು ಯೇಸುವನ್ನು ಕೀಳಾಗಿಸಲಿಲ್ಲ; ಅವನಿಗೆ ಮಹಾಪುರುಷನೊಬ್ಬನ ನಿರ್ಯಾಣವನ್ನು ಕೊಟ್ಟರು. ಚರ್ಚು ಕೇಳುವುದು ಅದನ್ನಲ್ಲ.

ಕನ್ನಡದ ಶಬ್ದಸಂಪತ್ತೂ ಇಲ್ಲಿ ಓದುಗನನ್ನು ದಾರಿತಪ್ಪಿಸುತ್ತದೆ. ‘ಕೀರ್ತಿಶೇಷ’, ‘ಅಮರ’ ಎಂಬ ಪದಗಳು ಎಷ್ಟು ಸುಲಭವಾಗಿ ಒದಗುತ್ತವೆಂದರೆ, ಸತ್ತವನು ತನ್ನ ಮಾತಿನಲ್ಲಿ ಬದುಕಿದ್ದಾನೆಂಬುದೇ ಪುನರುತ್ಥಾನವೆಂದು ತೋರಿಬಿಡುತ್ತದೆ. ‘ಪುನರ್ಜನ್ಮ’ವಂತೂ ಪಕ್ಕದಲ್ಲಿಯೇ ಕುಳಿತಿದೆ. ಆದರೆ ಯೋಹಾನನ ತೋಮನು ಬೇಡುವುದು ಕೀರ್ತಿಯನ್ನೂ ಅಲ್ಲ, ಹೊಸ ದೇಹವನ್ನೂ ಅಲ್ಲ. ಅದೇ ಕೈಯ ಮೊಳೆಗಾಯವನ್ನು, ಅದೇ ಪಕ್ಕೆಯ ಇರಿತವನ್ನು. ಸಂದೇಹಿಯೆಂಬ ಹೆಸರು ಹೊತ್ತ ಅವನಷ್ಟು ಸ್ಪಷ್ಟವಾಗಿ, ನಂಬಬೇಕಾದದ್ದು ಏನೆಂಬುದನ್ನು ಉಳಿದ ಶಿಷ್ಯರಾರೂ ಹೇಳಲಿಲ್ಲ. ಅವನ ಬೇಡಿಕೆಯನ್ನು ಸುವಾರ್ತೆ ಅಳಿಸಿಹಾಕಿಯೂ ಇಲ್ಲ.

ಕೊಂಕಣಿ ಮನೆಮಾತಿನ ಕವಿ, ಕನ್ನಡದ ಕಾವ್ಯ, ಇಂದು ಕೇರಳದಲ್ಲಿರುವ ಊರು: ಗಡಿಗಳ ಈ ಗೋಜಲಿನಲ್ಲಿ ‘ಗೊಲ್ಗೊಥಾ’ವನ್ನು ಸೌಹಾರ್ದದ ಪ್ರಮಾಣಪತ್ರದಂತೆ ಎತ್ತಿ ತೋರಿಸುವ ಆಸೆ ಸಹಜ. ಆದರೆ ಶುಭಶುಕ್ರವಾರದಂದು ಈ ಕಾವ್ಯವನ್ನು ಕೈಗೆತ್ತಿಕೊಳ್ಳುವ ಕ್ರೈಸ್ತನು ಅದರ ಕೊನೆಯ ಪುಟದ ಆಚೆಗೆ ಎರಡು ದಿನಗಳನ್ನು ಮನಸ್ಸಿನಲ್ಲಿಯೇ ಸೇರಿಸಿಕೊಂಡು ಓದುತ್ತಾನೆ. ತರಗತಿಯಲ್ಲಿ ಓದುವವನಿಗೆ ಆ ಪುಟವೇ ಕೊನೆ.